ಅಪ್‌ಡೇಟ್: ದಕ್ಷಿಣ ಕೊರಿಯಾದಲ್ಲಿ ವಾಸ್ತುಶಿಲ್ಪ ಪದವಿ, ನಾಲ್ಕು ವರ್ಷವೋ ಐದು ವರ್ಷವೋ?

ಕ್ಯುಂಗ್ ಹೀ ವಿಶ್ವವಿದ್ಯಾಲಯದಲ್ಲಿ ವಾಸ್ತುಶಿಲ್ಪ ಓದಬೇಕೆಂದಿರುವ ನನ್ನ ಅಕ್ಕನ ಮಗಳಿಗಾಗಿ, ಅಲ್ಲಿನ ಪದವಿ ಎಷ್ಟು ವರ್ಷದ್ದು, ಇಂಗ್ಲಿಷಿನಲ್ಲೇ ಓದಬಹುದೇ ಎಂದು ಇಲ್ಲಿ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಧನ್ಯವಾದಗಳು.

ವಿಶ್ವವಿದ್ಯಾಲಯದ ಮುಖಪುಟವನ್ನು ಬಿಟ್ಟು ನೇರವಾಗಿ ವಿಭಾಗದ ಪಠ್ಯಕ್ರಮವನ್ನೇ ನೋಡಿ ಎಂದವರ ಸಲಹೆ ಫಲಿಸಿತು. ಅಲ್ಲಿ ವಾಸ್ತುಶಿಲ್ಪ ಮತ್ತು ಕಟ್ಟಡ ಎಂಜಿನಿಯರಿಂಗ್ ಎರಡು ಬೇರೆ ವಿಭಾಗಗಳು. ಮೊದಲನೆಯದು ವಿನ್ಯಾಸ ಸ್ಟುಡಿಯೋಗಳಿಂದಲೇ ತುಂಬಿರುವ ಐದು ವರ್ಷದ ವೃತ್ತಿಪರ ಪದವಿಯಾದರೆ, ರಚನೆ ಮತ್ತು ನಿರ್ಮಾಣಕ್ಕೆ ಒತ್ತು ಕೊಡುವ ಎರಡನೆಯದು ನಾಲ್ಕೇ ವರ್ಷದ್ದು. ನಮ್ಮ ಬಿ.ಆರ್ಕ್ ಕೂಡ ಐದು ವರ್ಷದ್ದೇ ಆದ್ದರಿಂದ ಮನೆಯವರನ್ನು ಒಪ್ಪಿಸುವುದು ಕಷ್ಟವಾಗಲಿಲ್ಲ. ಎರಡೂ ವಿಭಾಗಗಳಿರುವುದು ಸೋಲ್ ನಗರದಲ್ಲಲ್ಲ, ಯೊಂಗಿನ್‌ನ ಗ್ಲೋಬಲ್ ಕ್ಯಾಂಪಸ್‌ನಲ್ಲಿ ಎಂಬುದು ನನಗೆ ಹೊಸ ಸಂಗತಿ.

"ಎಲ್ಲವೂ ಇಂಗ್ಲಿಷಿನಲ್ಲೇ ನಡೆಯುತ್ತದೆ" ಎಂಬ ಸಲಹೆ ಮಾತ್ರ ಉಪಯೋಗಕ್ಕೆ ಬರಲಿಲ್ಲ. ಅದೇ ಕ್ಯಾಂಪಸ್‌ನ ಅಂತರರಾಷ್ಟ್ರೀಯ ಅಧ್ಯಯನ ಕಾಲೇಜಿಗೆ ಆ ಮಾತು ಒಪ್ಪುತ್ತದೆ, ವಾಸ್ತುಶಿಲ್ಪಕ್ಕೆ ಕೊರಿಯನ್ ಬೇಕೇ ಬೇಕು. ಟೋಪಿಕ್ ಎಂಬ ಆರು ಹಂತಗಳ ಕೊರಿಯನ್ ಭಾಷಾ ಪರೀಕ್ಷೆಯಲ್ಲಿ ಮೂರನೆಯ ಹಂತವನ್ನು ಅಲ್ಲಿನ ಅನೇಕ ವಿಶ್ವವಿದ್ಯಾಲಯಗಳು ಕನಿಷ್ಠವೆಂದು ಕೇಳುತ್ತವೆ. ಒಂದು ವರ್ಷ ಭಾಷೆ ಕಲಿಸಿ ನಂತರ ಪದವಿಗೆ ಕಳಿಸುವ ಕೊರಿಯಾ ಸರ್ಕಾರದ ವಿದ್ಯಾರ್ಥಿವೇತನಕ್ಕೂ ಅರ್ಜಿ ಹಾಕುವ ಯೋಚನೆಯಿದೆ.

ಪಿಯುಸಿ ಅಂಕಪಟ್ಟಿ ವಿದೇಶದಲ್ಲಿ ಮಾನ್ಯವಾಗಲು ಬೇಕಾದ ಅಪೊಸ್ಟಿಲ್ ಮುದ್ರೆ ಹಾಕಿಸುವ ಕೆಲಸವನ್ನು ಬೇಗ ಶುರುಮಾಡಿ ಎಂದವರ ಮಾತೂ ನಿಜವಾಯಿತು, ಏಕೆಂದರೆ ಅದಕ್ಕೂ ಮೊದಲು ರಾಜ್ಯಮಟ್ಟದ ದೃಢೀಕರಣ ಆಗಬೇಕು. ಶೈಕ್ಷಣಿಕ ವರ್ಷ ಮಾರ್ಚ್‌ನಲ್ಲಿ ಆರಂಭವಾಗುವುದರಿಂದ ಸದ್ಯ ಅವಳು ಕೊರಿಯನ್ ತರಗತಿಗೆ ಸೇರಿದ್ದಾಳೆ.