ಸಹಾಯ ಬೇಕು: ಒಮಾನ್ ರೋಡ್ ಟ್ರಿಪ್‌ಗೆ ರೂಮ್ ಬುಕಿಂಗ್

ಎಲ್ಲರಿಗೂ ನಮಸ್ಕಾರ, ಉಡುಪಿಯಿಂದ ಬರೆಯುತ್ತಿದ್ದೇನೆ. ಆಗಸ್ಟ್‌ನಲ್ಲಿ ಅಪ್ಪ ಅಮ್ಮನ ಜೊತೆ ಮಸ್ಕತ್‌ಗೆ ಹೋಗಿ, ಅಲ್ಲಿಂದ ಬಾಡಿಗೆ ಕಾರಿನಲ್ಲಿ ನಿಜ್ವಾ, ಹೈಮಾ ದಾರಿಯಾಗಿ ಸಲಾಲಾಕ್ಕೆ ಹೋಗುವ ಯೋಚನೆ ಇದೆ. ಸುಮಾರು 1000 ಕಿಲೋಮೀಟರ್, ಜಾಸ್ತಿ ಭಾಗ ಮರುಭೂಮಿ. ಅಪ್ಪನಿಗೆ ಮಂಡಿನೋವು, ಒಂದೇ ದಿನ ಅಷ್ಟು ದೂರ ಕೂರಿಸಲು ನನಗೆ ಮನಸ್ಸಿಲ್ಲ. ಹೈಮಾದಲ್ಲಿ ಒಂದು ರಾತ್ರಿ ಉಳಿಯಲು ಸ್ವಚ್ಛವಾದ ಹೋಟೆಲ್ ಯಾವುದು? ಕೆಳಗಿನ ರೂಮ್ ಕೇಳಿದರೆ ಕೊಡುತ್ತಾರಾ?

ಸಲಾಲಾದ್ದೇ ದೊಡ್ಡ ಚಿಂತೆ. ಆಗ ಅಲ್ಲಿ ಖರೀಫ್ ಮಳೆಗಾಲ, ಗಲ್ಫ್‌ನ ಜನ ತುಂಬಿರುತ್ತಾರೆ, ಬಾಡಿಗೆಯೂ ಏರುತ್ತದೆ ಅಲ್ವಾ. ಅಡುಗೆಮನೆ ಇರುವ ಫ್ಲ್ಯಾಟ್ ಸಿಕ್ಕಿದರೆ ಒಳ್ಳೆಯದು. ಅಮ್ಮ ಕುಚ್ಚಲಕ್ಕಿ, ಮಿಡಿ ಉಪ್ಪಿನಕಾಯಿ ಈಗಲೇ ತೆಗೆದಿಟ್ಟಿದ್ದಾರೆ. ಪೂರ್ತಿ ದುಡ್ಡು ಕಟ್ಟಿ ಬುಕ್ ಮಾಡುವುದಾ, ಕ್ಯಾನ್ಸಲ್ ಮಾಡಿದರೆ ವಾಪಸ್ ಸಿಗುವಂಥದ್ದನ್ನೇ ಹುಡುಕುವುದಾ? ಅಲ್ಲಿರುವ ನಮ್ಮೂರಿನವರು ದಯವಿಟ್ಟು ತಿಳಿಸಿ.