ಎಪ್ಪತ್ತು ದಾಟಿದ ತಂದೆಯವರೊಡನೆ ಕೊಲರಾಡೋದಲ್ಲಿ ಮ್ಯೂಲ್ ಡಿಯರ್ ಬೇಟೆ: ಸಿದ್ಧತೆ ಹೇಗಿರಬೇಕು?

ಪ್ರಶ್ನೆ (ಡೆನ್ವರ್‌ನಿಂದ)

ನನ್ನ ತಂದೆಯವರು ಕೊಡಗಿನವರು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬರುವ ಮೊದಲು, ಹುಡುಗರಾಗಿದ್ದಾಗ, ಅಜ್ಜನ ಹಿಂದೆ ಹಂದಿ ಬೇಟೆಗೆ ಹೋಗುತ್ತಿದ್ದರು. ಆಮೇಲೆ ಮನೆಯ ಕೋವಿ ಹೊರಬಂದದ್ದು ಕೈಲ್ ಪೊಳ್ದಿನ ಪೂಜೆಗೆ ಮಾತ್ರ. ಈಗ ಅವರು ಗ್ರೀನ್ ಕಾರ್ಡ್ ಪಡೆದು ನಮ್ಮೊಂದಿಗೆ ನೆಲೆಸಿದ್ದಾರೆ. ಗನ್ನಿಸನ್ ಕಣಿವೆಯಲ್ಲಿ ನವೆಂಬರಿನ ಮೂರನೇ ರೈಫಲ್ ಸೀಸನ್ನಿಗೆ (ರೈಫಲ್ ಬೇಟೆಗೆ ಗೊತ್ತುಮಾಡಿದ ಅವಧಿ) ಈ ಸಲದ ಡ್ರಾದಲ್ಲಿ, ಅಂದರೆ ಪರವಾನಗಿ ಹಂಚುವ ಲಾಟರಿಯಲ್ಲಿ, ನನಗೆ ಮ್ಯೂಲ್ ಡಿಯರ್ ಎಂಬ ಅಗಲ ಕಿವಿಯ ಜಿಂಕೆಯ ಬೇಟೆಗೆ ಪರವಾನಗಿ ಸಿಕ್ಕಿದೆ; ಅವರಿಗೆ ಪರವಾನಗಿ ಇಲ್ಲ. ಇಳಿಜಾರಿನಲ್ಲಿ ಅವರ ಮೊಣಕಾಲು ನೋಯುತ್ತದೆ, ಆದರೆ ಕಣ್ಣು ಇಂದಿಗೂ ಚುರುಕಾಗಿದೆ. ಅವರನ್ನು ಗಾಡಿಯಲ್ಲಿ ಕೂರಿಸಿ ನಾನೊಬ್ಬನೇ ಗುಡ್ಡ ಹತ್ತಲು ಮನಸ್ಸು ಒಪ್ಪುತ್ತಿಲ್ಲ. ಅವರೂ ನಿಜವಾಗಿ ಪಾಲ್ಗೊಳ್ಳುವಂತೆ ಈ ಬೇಟೆಯನ್ನು ಹೇಗೆ ಯೋಜಿಸಬಹುದು?

ಉತ್ತರ (ಗ್ರ್ಯಾಂಡ್ ಜಂಕ್ಷನ್‌ನಿಂದ)

ನಿಮ್ಮ ತಂದೆಯವರ ಕಣ್ಣು ಚುರುಕಾಗಿದೆ ಎಂದಿರಿ. ಈ ಬೇಟೆಗೆ ಬೇಕಾದದ್ದು ಅದೇ. ಕೊಡಗಿನಲ್ಲಿ ನಾಯಿ ಬಿಟ್ಟು, ಕಾಡು ನುಗ್ಗಿ ಹಂದಿಯನ್ನು ಎಬ್ಬಿಸುತ್ತಿದ್ದರು. ಇಲ್ಲಿ ಜಿಂಕೆಗೆ ನಾಯಿ ಬಿಡುವುದು ಕಾನೂನುಬಾಹಿರ. ಬಯಲು ಗುಡ್ಡದಲ್ಲಿ ದೂರದಿಂದಲೇ ಪ್ರಾಣಿಯನ್ನು ಕಂಡುಹಿಡಿದು, ಅದು ಮಲಗುವವರೆಗೆ ಕಾದು, ಆಮೇಲೆ ಗಾಳಿ ನೋಡಿಕೊಂಡು ಹತ್ತಿರ ಸಾಗಬೇಕು. ದಿನದ ಬಹುಭಾಗ ಕೂತು ನೋಡುವುದರಲ್ಲೇ ಕಳೆಯುತ್ತದೆ.

ಅನ್‌ಕಂಪಾಗ್ರೇ ಪ್ರಸ್ಥಭೂಮಿಯಲ್ಲಿ ನಾನು ಮತ್ತು ನನ್ನ ತಂದೆ ಹೀಗೆಯೇ ಬೇಟೆಯಾಡಿದೆವು. ಬೆಳಕು ಹರಿಯುವ ಮೊದಲೇ ಅವರನ್ನು ಒಂದು ದಿಬ್ಬದ ಮೇಲೆ, ಟ್ರೈಪಾಡಿಗೆ ಕೂರಿಸಿದ ಬೈನಾಕ್ಯುಲರ್ ಹಿಂದೆ ಕೂರಿಸಿದೆ. ನಾನು ಆಗಲೇ ಎರಡು ಬಾರಿ ನೋಡಿ ಬಿಟ್ಟಿದ್ದ ಜೂನಿಪರ್ ಮರವೊಂದರ ನೆರಳಿನಲ್ಲಿ ಒಣಗಿದ ಕೊಂಬೆಯೊಂದು ಸುಮ್ಮನೆ ಪಕ್ಕಕ್ಕೆ ತಿರುಗಿದ್ದನ್ನು ಅವರೇ ಕಂಡರು. ಅದು ಕವಲೊಡೆದ ಕೊಂಬು, ಅದರ ಕೆಳಗೆ ಹೇಸರಗತ್ತೆಯದರಂಥ ಅಗಲವಾದ ಕಿವಿ. ಮುಂಜಾನೆ ತಣ್ಣನೆಯ ಗಾಳಿ ಕಣಿವೆಯ ಕಡೆಗೆ ಇಳಿಯುತ್ತದೆ, ಬಿಸಿಲೇರಿದ ಮೇಲೆ ಮೇಲ್ಮುಖವಾಗುತ್ತದೆ. ಆದ್ದರಿಂದ ಗಾಳಿ ತಿರುಗುವವರೆಗೆ ಕಾದು, ಸುತ್ತು ಹಾಕಿ ಮೇಲಿನಿಂದ ಇಳಿದೆ. ಕೆಳಗಿಳಿದವನಿಗೆ ಆ ಮರ ಯಾವುದೆಂದೇ ಗುರುತು ಸಿಗುವುದಿಲ್ಲ. ತಂದೆಯವರು ಟೋಪಿಯನ್ನು ಎಡಕ್ಕೋ ಬಲಕ್ಕೋ ಚಾಚಿ ದಾರಿ ತೋರಿಸಿರದಿದ್ದರೆ ನಾನು ಅದನ್ನು ತಲುಪುತ್ತಿರಲಿಲ್ಲ. ಸಂಜೆ ಅದು ಮೇಯಲು ಎದ್ದು ನಿಂತಾಗ ಒಂದೇ ಈಡು ಸಾಕಾಯಿತು. ಸೂರ್ಯಾಸ್ತವಾಗಿ ಅರ್ಧ ಗಂಟೆಯ ನಂತರ ಗುಂಡು ಹಾರಿಸುವಂತಿಲ್ಲ ಎಂಬುದು ನೆನಪಿರಲಿ.

ಗನ್ನಿಸನ್ ಪಟ್ಟಣವೇ ಸುಮಾರು 7,700 ಅಡಿ ಎತ್ತರದಲ್ಲಿದೆ, ಬೇಟೆಯ ಗುಡ್ಡಗಳು ಇನ್ನೂ ಎತ್ತರ. ಒಂದೆರಡು ದಿನ ಮೊದಲೇ ಹೋಗಿ ಅವರ ಉಸಿರು ಹೊಂದಿಕೊಳ್ಳಲು ಬಿಡಿ. ಕದಲದೆ ಕೂತವರಿಗೆ ನವೆಂಬರಿನ ಚಳಿ ನಡೆಯುವವರಿಗಿಂತ ಬೇಗ ತಟ್ಟುತ್ತದೆ. ಕೂರಲು ದಪ್ಪ ಹಾಸು, ಹೊದೆಯಲು ಕಂಬಳಿ, ಫ್ಲಾಸ್ಕಿನಲ್ಲಿ ಬಿಸಿನೀರು ಇರಲೇಬೇಕು. ಬೇಟೆಗಾರನಾಗಿ ನೀವು ಸೊಂಟದ ಮೇಲೆ 500 ಚದರ ಇಂಚು ಹೊಳೆಯುವ ಕಿತ್ತಳೆ ಅಥವಾ ಗುಲಾಬಿ ಬಣ್ಣದ ಉಡುಪು ಮತ್ತು ಅದೇ ಬಣ್ಣದ ಟೋಪಿ ತೊಡುವುದು ಕಡ್ಡಾಯ. ತಂದೆಯವರಿಗೂ ಅದನ್ನೇ ತೊಡಿಸಿ.

ಉತ್ತರ (ಫೋರ್ಟ್ ಕಾಲಿನ್ಸ್‌ನಿಂದ)

ಹೊಡೆದ ಮೇಲಿನ ಕೆಲಸವನ್ನು ಯಾರೂ ಹೇಳಲಿಲ್ಲ. ದೊಡ್ಡ ಗಂಡಿನ ತೂಕ 100 ಕೆಜಿ ಮೀರಬಹುದು. ಮಾಂಸವನ್ನು ಪಾಲು ಮಾಡಿ ನೀವೊಬ್ಬರೇ ಹಲವು ಸಲ ಹೊರಬೇಕಾದೀತು. ಆದ್ದರಿಂದ ಗಾಡಿಯಿಂದ ಎಷ್ಟು ದೂರದಲ್ಲಿ ಹೊಡೆಯುವಿರಿ ಎಂಬುದನ್ನು ಮೊದಲೇ ನಿರ್ಧರಿಸಿ. ತಿನ್ನಲು ಯೋಗ್ಯವಾದ ಮಾಂಸವನ್ನು ಕಾಡಿನಲ್ಲಿ ಬಿಟ್ಟು ಬರುವುದು ಅಪರಾಧ. ಇನ್ನೊಂದು ಮಾತು: ಜಿಂಕೆಗಳ ಮಿದುಳನ್ನು ಹಾಳುಮಾಡುವ ಕ್ರಾನಿಕ್ ವೇಸ್ಟಿಂಗ್ ಕಾಯಿಲೆಯನ್ನು 1967ರಲ್ಲಿ ಮೊದಲು ಗುರುತಿಸಿದ್ದು ನಮ್ಮ ಊರಿನ ಬಳಿಯೇ. ತಲೆಯನ್ನು ಪರೀಕ್ಷೆಗೆ ಕೊಟ್ಟು, ಫಲಿತಾಂಶ ಬರುವವರೆಗೆ ಮಾಂಸವನ್ನು ಫ್ರೀಜರಿನಲ್ಲಿಡಿ. ಸೋಂಕು ಕಂಡುಬಂದರೆ ತಿನ್ನಬೇಡಿ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಕೃತಜ್ಞತೆಗಳು. ದಿಬ್ಬದ ಉಪಾಯವನ್ನು ತಂದೆಯವರಿಗೆ ಓದಿ ಹೇಳಿದೆ. ಆಗಲೇ ನಕ್ಷೆ ಕೇಳಿದ್ದಾರೆ. ನನ್ನ ಪರವಾನಗಿಯ ಮೇಲೆ ಅವರೇ ಈಡು ಹೊಡೆಯಲು ಅವಕಾಶವಿದೆಯೇ?

ಉತ್ತರ (ಗ್ರ್ಯಾಂಡ್ ಜಂಕ್ಷನ್‌ನಿಂದ)

ಇಲ್ಲ, ಖಂಡಿತ ಇಲ್ಲ. ಒಬ್ಬರ ಪರವಾನಗಿಯ ಮೇಲೆ ಇನ್ನೊಬ್ಬರು ಹೊಡೆಯುವಂತಿಲ್ಲ. 1949ರ ಜನವರಿ 1ರಂದು ಅಥವಾ ಅನಂತರ ಹುಟ್ಟಿದವರಿಗೆ ಬೇಟೆ ಸುರಕ್ಷತೆಯ ಪ್ರಮಾಣಪತ್ರವೂ ಬೇಕು. ಈ ಚಳಿಗಾಲದಲ್ಲೇ ಅವರು ತರಗತಿ ಮುಗಿಸಲಿ. ಏಪ್ರಿಲ್ ಮೊದಲ ವಾರದಲ್ಲಿ ಡ್ರಾದ ಗಡುವು ಮುಗಿಯುವ ಮುನ್ನ ಇಬ್ಬರೂ ಒಂದೇ ಗುಂಪಾಗಿ ಅರ್ಜಿ ಹಾಕಿ.