ರಿಪೋರ್ಟಲ್ಲಿರೋ ‘ನ್ಯೂಕಲ್’ ಅಂದ್ರೆ ಏನು ಡಾಕ್ಟ್ರೇ?

ಪ್ರಶ್ನೆ: ನಮಸ್ಕಾರ ಡಾಕ್ಟ್ರೇ. ತಂಗಿಗೆ ಈಗ ಎಂಟು ತಿಂಗಳು, ಸ್ಕ್ಯಾನ್ ರಿಪೋರ್ಟಲ್ಲಿ ‘ನ್ಯೂಕಲ್ ಕಾರ್ಡ್, ಸಿಂಗಲ್ ಲೂಪ್’ ಅಂತ ಬರ್ದಿದಾರೆ. ಮೂರನೇ ತಿಂಗಳ ಎನ್‌ಟಿ ಸ್ಕ್ಯಾನಲ್ಲೂ ಇದೇ ನ್ಯೂಕಲ್ ಅನ್ನೋದು ಇತ್ತು, ಆಗ ಎಲ್ಲಾ ನಾರ್ಮಲ್ ಅಂದಿದ್ರು, ಈಗ ಮತ್ತೆ ಅದೇ ಬಂದಿದೆ ಅಂತ ಮನೇಲಿ ಎಲ್ರಿಗೂ ಗಾಬರಿ. ನ್ಯೂಕ್ಲಿಯರ್‌ಗೂ ಇದಕ್ಕೂ ಏನಾದ್ರೂ ಸಂಬಂಧ ಇದ್ಯಾ?

ಉತ್ತರ: ನ್ಯೂಕ್ಲಿಯರ್‌ಗೂ ಇದಕ್ಕೂ ಏನೇನೂ ಸಂಬಂಧ ಇಲ್ಲಮ್ಮ. ನ್ಯೂಕಲ್ ಅನ್ನೋದು ಕಾಯಿಲೆ ಹೆಸರಲ್ಲ, ಜಾಗದ ಹೆಸರು. ತಲೆ ಹಿಂದೆ ಕೈಯಿಟ್ಟು ನೋಡಿ, ಮಧ್ಯದಲ್ಲಿ ಒಂದು ಮೂಳೆ ಉಬ್ಬು ಸಿಗುತ್ತೆ, ಅದರ ಕೆಳಗೆ ಬೆರಳು ಜಾರಿಸಿದ್ರೆ ಸ್ವಲ್ಪ ತಗ್ಗು, ಅಲ್ಲಿಂದ ಕೆಳಕ್ಕೆ ಕತ್ತಿನ ಹಿಂಭಾಗ ಪೂರ್ತಿ ‘ನ್ಯೂಕ’. ಎನ್‌ಟಿ ಸ್ಕ್ಯಾನಲ್ಲಿ ನೋಡಿದ್ದು ಮಗುವಿನ ಹಿಂಗತ್ತಿನ ಚರ್ಮದ ಕೆಳಗಿರೋ ನೀರಿನ ದಪ್ಪ, ಅದನ್ನ 11ರಿಂದ 14 ವಾರದೊಳಗೆ ಮಿಲಿಮೀಟರಲ್ಲಿ ಅಳೀತಾರೆ. ಈಗ ಬರ್ದಿರೋದು ಹೊಕ್ಕುಳಬಳ್ಳಿ ಕತ್ತಿಗೆ ಒಂದು ಸುತ್ತು ಬಂದಿದೆ ಅಂತ, ಎರಡೂ ಬೇರೆ ಬೇರೆ ವಿಷಯ.

ಪ್ರಶ್ನೆ: ಅಬ್ಬಾ, ಸಮಾಧಾನ ಆಯ್ತು. ಈ ಪದ ಲ್ಯಾಟಿನ್ನಾ? ಕತ್ತಿಗೆ ಸರ್ವೈಕಲ್ ಅಂತಾನೂ ಅಂತಾರಲ್ವಾ?

ಉತ್ತರ: ಸರ್ವೈಕಲ್ ಲ್ಯಾಟಿನ್ನೇ, ಸರ್ವಿಕ್ಸ್ ಅಂದ್ರೆ ಕತ್ತು, ಗರ್ಭಕೋಶದ ಕತ್ತಿಗೂ ಅದೇ ಹೆಸರು. ನ್ಯೂಕಲ್ ಮಾತ್ರ ಅರಬ್ಬಿಯಿಂದ ಬಂದಿದ್ದು. ಅರಬ್ಬಿಯಲ್ಲಿ ‘ನುಖಾ’ ಅಂದ್ರೆ ಬೆನ್ನುಹುರಿ, 11ನೇ ಶತಮಾನದಲ್ಲಿ ಕಾನ್‌ಸ್ಟಂಟೈನ್ ಅನ್ನೋ ಆಫ್ರಿಕಾದ ಪಂಡಿತ ಇಟಲಿಯ ಮಾಂಟೆ ಕಸಿನೋ ಮಠದಲ್ಲಿ ಕೂತು ಅರಬ್ಬಿ ವೈದ್ಯಗ್ರಂಥಗಳನ್ನ ಲ್ಯಾಟಿನ್‌ಗೆ ತಂದಾಗ ಅದನ್ನೇ ‘ನ್ಯೂಕ’ ಅಂತ ಬಳಸಿದ್ರು, ಅಂದ್ರೆ ಅವರ ಕಾಲಕ್ಕೆ ಅರ್ಥ ಬೆನ್ನುಹುರಿನೇ. ಅರಬ್ಬಿಯಲ್ಲೇ ಹಿಂಗತ್ತಿನ ತಗ್ಗಿಗೆ ‘ನುಕ್ರ’ ಅಂತ ಇನ್ನೊಂದು ಪದ ಇದೆ, ಕೇಳೋಕೆ ಹತ್ರಹತ್ರ ಒಂದೇ ಥರ, ಹೋಗ್ತಾ ಹೋಗ್ತಾ ಎರಡೂ ಕಲೆತುಹೋಗಿ ಅರ್ಥ ಬೆನ್ನುಹುರಿಯಿಂದ ಹಿಂಗತ್ತಿಗೆ ಜಾರ್ತು. ಫ್ರೆಂಚಲ್ಲಿ ಇವತ್ತಿಗೂ ಹಿಂಗತ್ತಿಗೆ ‘ನ್ಯುಕ್’ ಅಂತಾರೆ. ಅರಬ್ಬಿ ವೈದ್ಯರ ಋಣ ನಮ್ಮ ರಿಪೋರ್ಟುಗಳಲ್ಲಿ ಎಷ್ಟಿದೆ ನೋಡಿ, ನಂಗಂತೂ ಇದು ತುಂಬಾ ಇಷ್ಟದ ವಿಷಯ.

ಪ್ರಶ್ನೆ: ಹಾಗಾದ್ರೆ ಆ ಸುತ್ತು ಡೇಂಜರ್ ಅಲ್ವಾ?

ಉತ್ತರ: ಹೆರಿಗೆ ಹೊತ್ತಿಗೆ ಹೆಚ್ಚುಕಮ್ಮಿ ನಾಲ್ಕು ಮಕ್ಕಳಲ್ಲಿ ಒಂದಕ್ಕೆ ಇರುತ್ತೆ, ಬಹಳಷ್ಟು ಸಲ ತಲೆ ಹೊರಗೆ ಬಂದ ತಕ್ಷಣ ಬೆರಳಲ್ಲೇ ಬಿಡಿಸ್ತೀವಿ. ಇದೊಂದೇ ಕಾರಣಕ್ಕೆ ಸಿಸೇರಿಯನ್ ಬೇಕಾಗಲ್ಲ. ಮಗು ಆಡೋದು ಕಡಿಮೆ ಆಯ್ತು ಅನ್ನಿಸಿದ್ರೆ ಮಾತ್ರ ಬೆಳಗಾಗಲಿ ಅಂತ ಕಾಯ್ಬೇಡಿ, ಆಗಲೇ ಹೋಗಿ ತೋರ್ಸಿ.